ಆರ್‌ಡಿ, ಎಸ್‌ಐಪಿ, ಪಿಪಿಎಫ್: ನಿಮ್ಮ ಸ್ವಭಾವಕ್ಕೆ ಯಾವುದು?

ಸಂಬಳ ಬಂದ ವಾರವೇ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಖಾಲಿ ಮಾಡುವವರಿಗೂ, ಗಾಂಧಿ ಬಜಾರಿನಲ್ಲಿ ಹೂವಿಗೆ ಕೊಟ್ಟ ಚಿಲ್ಲರೆಯನ್ನೂ ಬರೆದಿಡುವವರಿಗೂ ಒಂದೇ ಸಲಹೆ ಹೊಂದುವುದಿಲ್ಲ.

ನಷ್ಟವೆಂದರೆ ನಿದ್ದೆಗೆಡುವವರಿಗೆ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಬ್ಯಾಂಕ್ ಠೇವಣಿ, ಸರಿ. ಬಡ್ಡಿ ಮೊದಲೇ ಗೊತ್ತಿರುತ್ತದೆ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಆದರೆ ಬೆಲೆಯೇರಿಕೆಯ ಮುಂದೆ ಆ ಬಡ್ಡಿ ಮಂಕು, ಅದಕ್ಕೆ ತೆರಿಗೆ ಬೇರೆ.

ಷೇರು ಮ್ಯೂಚುವಲ್ ಫಂಡಿನ ಎಸ್‌ಐಪಿ, ಅಂದರೆ ನಿಯಮಿತವಾಗಿ ಇಷ್ಟಿಷ್ಟೇ ಹಾಕುವ ಹೂಡಿಕೆ, ದೀರ್ಘಾವಧಿಯಲ್ಲಿ ಹೆಚ್ಚು ಬೆಳೆಯಬಹುದು, ಖಾತರಿಯಿಲ್ಲ. ಮೆಟ್ರೊ ಹತ್ತಿದಾಗಲೆಲ್ಲ ಮೊಬೈಲಿನಲ್ಲಿ ಏರಿಳಿತ ನೋಡುವವರು 2020ರ ಮಾರ್ಚ್‌ನಂಥ ಕುಸಿತದಲ್ಲಿ ಗಾಬರಿಯಿಂದ ಮಾರಿಬಿಡುತ್ತಾರೆ. ಅಂಥವರಿಗೆ ಬೇಡ.

ಕೈ ಸಡಿಲವಿರುವವರಿಗೆ ನನ್ನ ಮತ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ ರೂಪಾಯಿ. ಅವಧಿ 15 ವರ್ಷ. ಸಾಮಾನ್ಯವಾಗಿ ಏಳನೇ ಹಣಕಾಸು ವರ್ಷದವರೆಗೆ ಹಣ ಪಡೆಯಲು ಸಾಲ ಬಿಟ್ಟರೆ ಬೇರೆ ದಾರಿಯಿಲ್ಲ, ಎಷ್ಟೇ ಗೋಗರೆದರೂ.