ಒಂದೇ ಕೃಷಿಹೊಂಡ, ಮೂರು ಅರ್ಜಿ

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ನಾಲ್ಕು ಹಳ್ಳಿಗೆ ಒಂದು ಯೋಜನೆ. ಕೃಷಿಹೊಂಡ, ಬದು, ನವಣೆ-ಸಜ್ಜೆಯ ಬೀಜ ಬ್ಯಾಂಕು, ಹಿತ್ತಲಲ್ಲಿ ಕೈತೋಟ. ಇಷ್ಟೇ. ಇದಕ್ಕೆ ದುಡ್ಡು ಹುಡುಕುತ್ತಾ ಎರಡು ವರ್ಷದಲ್ಲಿ ಮೂರು ಬಾಗಿಲು ತಟ್ಟಿದೆ. ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ ದುಡ್ಡು), ಒಂದು ನಬಾರ್ಡ್ (ಕೃಷಿ-ಗ್ರಾಮೀಣ ಅಭಿವೃದ್ಧಿಯ ಬ್ಯಾಂಕು) ಜಲಾನಯನ ಮಾದರಿ, ಕೊನೆಗೆ ಅಂತರರಾಷ್ಟ್ರೀಯ ಹವಾಮಾನ ನಿಧಿಗೆ ಹೋಗುವ ಒಂದು ಕಾನ್ಸೆಪ್ಟ್ ನೋಟ್, ಅಂದರೆ ಪೂರ್ತಿ ಅರ್ಜಿಗೆ ಮೊದಲಿನ ಟಿಪ್ಪಣಿ. ಹಳ್ಳಿ ಅವೇ, ಹೊಲ ಅವೇ. ಆದರೂ ಮೂರನ್ನೂ ಪಕ್ಕಪಕ್ಕ ಇಟ್ಟರೆ ಮೂರು ಬೇರೆ ಜಿಲ್ಲೆಯ ಕಥೆ ಅನ್ನಿಸುತ್ತದೆ.

ನಮ್ಮದು ಆರು ಜನರ ಸಂಸ್ಥೆ. ಅರ್ಜಿ ಬರೆಯಲಿಕ್ಕೇ ಅಂತ ಒಬ್ಬರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲ. ಬರೆಯುವವನೂ ನಾನೇ, ಬೈಕ್ ಹತ್ತಿ ಹಳ್ಳಿಗೆ ಹೋಗುವವನೂ ನಾನೇ. ನನ್ನ ಲೆಕ್ಕ ಇಂಥವರಿಗೆ ಮಾತ್ರ ಹೊಂದುತ್ತದೆ.

ಮೊದಲು ಸಿಎಸ್‌ಆರ್. ಹತ್ತಿರದ ಬಾಗಿಲು ಅದೇ ಅಲ್ವಾ? ಕೊಪ್ಪಳದಿಂದ ತೋರಣಗಲ್ಲಿನವರೆಗೆ ರಸ್ತೆ ಪಕ್ಕ ಚಿಮಣಿಗಳಿಗೆ ಬರವಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಅಂತ ಏಳನೇ ಶೆಡ್ಯೂಲಿನಲ್ಲಿ ಪಟ್ಟಿ ಇದೆ. ಹಸಿವು-ಅಪೌಷ್ಟಿಕತೆ ಒಂದು ಕಡೆ, ಮಣ್ಣು-ನೀರಿನ ರಕ್ಷಣೆ ಇನ್ನೊಂದು ಕಡೆ. ನಮ್ಮ ಯೋಜನೆ ಎರಡರಲ್ಲೂ ಕೂರುತ್ತಿತ್ತು. ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಇತ್ತು. 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿಯೂ ಆಗಿತ್ತು. ಅವರು ಕೇಳಿದ್ದು ಎಂಟು ಸ್ಲೈಡು. ನಾಲ್ಕು ದಿನದಲ್ಲಿ ಮಾಡಿ ಕಳಿಸಿದೆ.

ಹಾಗೆ ಗಡಿಬಿಡಿ ಮಾಡಿದ್ದಕ್ಕೆ ತಕ್ಕ ಶಾಸ್ತಿಯಾಯಿತು. ಹೊಂಡ 10 ಮೀಟರ್ ಉದ್ದ, 10 ಅಗಲ, 3 ಆಳ. ಗುಣಿಸಿದೆ, 300 ಘನ ಮೀಟರ್. ಇಂಥ 40 ಹೊಂಡ, ಅಂದರೆ 1 ಕೋಟಿ 20 ಲಕ್ಷ ಲೀಟರ್ ನೀರು ಅಂತ ದಪ್ಪ ಅಕ್ಷರದಲ್ಲಿ ಹಾಕಿದೆ. ಕಂಪನಿಯ ಸಭೆಯಲ್ಲಿ ವಯಸ್ಸಾದ ಎಂಜಿನಿಯರ್ ಒಬ್ಬರು ಕೂತಿದ್ದರು. ‘ಹೊಂಡಕ್ಕೆ ಗೋಡೆ ಕಟ್ತೀರೇನ್ರೀ?’ ಅಂದರು. ಮಣ್ಣಿನ ಹೊಂಡಕ್ಕೆ ಇಳಿಜಾರು ಬಿಡಲೇಬೇಕು. ಒಂದಕ್ಕೆ ಒಂದರಂತೆ ಬಿಟ್ಟರೆ ಮೇಲೆ 10ಕ್ಕೆ 10 ಇದ್ದದ್ದು ತಳದಲ್ಲಿ 4ಕ್ಕೆ 4 ಆಗುತ್ತದೆ. ನಿಜವಾದ ಅಳತೆ 156 ಘನ ಮೀಟರ್. ನನ್ನ 1 ಕೋಟಿ 20 ಲಕ್ಷ ಅಲ್ಲೇ, ಆ ಮೇಜಿನ ಮೇಲೇ, 62 ಲಕ್ಷಕ್ಕೆ ಇಳಿಯಿತು. ಬೆವರು ಅಂದರೆ ಏನಂತ ಎ.ಸಿ. ರೂಮಿನಲ್ಲಿ ಗೊತ್ತಾಯಿತು.

ಇನ್ನೂ ಒಂದು ಲೆಕ್ಕ ಆ ದಿನವೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಒಂದು ಎಕರೆಗೆ 3 ಸೆಂಟಿಮೀಟರ್ ನೀರು ಕೊಡಲು 120 ಘನ ಮೀಟರ್ ಚಿಲ್ಲರೆ ಬೇಕು. ಅಂದರೆ ತುಂಬಿದ ಒಂದು ಹೊಂಡದಿಂದ ಒಂದೇ ಎಕರೆಗೆ, ಒಂದೇ ಸಲ, ಅದೂ ತುಂತುರು ನೀರಾವರಿಯಲ್ಲಿ. ಮಸಾರಿ (ಕೆಂಪು) ನೆಲದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಅದೂ ಇಂಗಿ ಹೋಗುತ್ತದೆ. ‘ಹೊಂಡದಿಂದ ಕುಟುಂಬ ಬರ ಗೆಲ್ಲುತ್ತದೆ’ ಅಂತ ಬರೆಯುವ ಮೊದಲು ಈ ಗುಣಾಕಾರ ಮಾಡಿ.

ಕೊನೆಗೆ 20 ಹೊಂಡಕ್ಕೆ ದುಡ್ಡು ಸಿಕ್ಕಿತು. ಬೀಜ ಬ್ಯಾಂಕು, ಕೈತೋಟ ಬಿದ್ದುಹೋದವು. ಹೊಂಡದ ಫೋಟೋ ತೆಗೆಯಬಹುದು, ಬೀಜದ ಮಡಿಕೆಯದ್ದು ಅಷ್ಟು ಚೆನ್ನಾಗಿ ಬರುವುದಿಲ್ಲ. ಕಂಪನಿಯ ಹೆಸರಿನ ಬೋರ್ಡಿನ ಅಳತೆ ಮಾತ್ರ ಒಪ್ಪಂದದಲ್ಲಿ ಸರಿಯಾಗಿ ನಮೂದಾಗಿತ್ತು. ದುಡ್ಡು ಬಂದದ್ದು ನವೆಂಬರಿನಲ್ಲಿ, ಮುಗಿಸಬೇಕಾದದ್ದು ಮಾರ್ಚ್‌ನಲ್ಲಿ. ಹೊಂಡ ತೋಡಲು ಅದು ಒಳ್ಳೆ ಕಾಲವೇ. ಆದರೆ ನಮ್ಮ ಮುಂಗಾರು ಬಿತ್ತನೆ ಹಣಕಾಸು ವರ್ಷ ನೋಡಿಕೊಂಡು ಬರುವುದಿಲ್ಲ. ಇದರಲ್ಲಿ ನನ್ನ ತಪ್ಪೂ ಇತ್ತು. ಮೊದಲೇ ‘ಚಾಲ್ತಿ ಯೋಜನೆ’ ಅಂತ ರೂಪಿಸಿದ್ದರೆ, ಖರ್ಚಾಗದೆ ಉಳಿದ ಹಣವನ್ನು ಕಂಪನಿ ಬೇರೆ ಖಾತೆಗೆ ಹಾಕಿ ಮುಂದಿನ ಮೂರು ವರ್ಷದೊಳಗೆ ಬಳಸಲು ಕಾನೂನಿನಲ್ಲೇ ಅವಕಾಶವಿದೆ. ನಾನು ಕೇಳಲೇ ಇಲ್ಲ.

ಎರಡನೆಯದು ಜಲಾನಯನ ಮಾದರಿ, ಅಂದರೆ ಒಂದೇ ಹಳ್ಳಕ್ಕೆ ನೀರು ಹರಿಯುವ ನೆಲವನ್ನೆಲ್ಲ ಒಟ್ಟಿಗೆ ನೋಡುವುದು. ನಬಾರ್ಡ್‌ನಲ್ಲಿ ಇದಕ್ಕೆ 1999-2000ರಿಂದಲೇ ಪ್ರತ್ಯೇಕ ನಿಧಿ ಇದೆ. ಇಲ್ಲಿ ಅರ್ಜಿಯೇ ಬೇರೆ ಥರ. ಮೊದಲು ಒಂದು ಸಣ್ಣ ತುಂಡು ನೆಲದಲ್ಲಿ ಕೆಲಸ ಮಾಡಿ ತೋರಿಸಬೇಕು. ಅದನ್ನು ಸಾಮರ್ಥ್ಯ ವೃದ್ಧಿ ಹಂತ ಅನ್ನುತ್ತಾರೆ. ಊರಿನವರು ಶ್ರಮದಾನ ಮಾಡಬೇಕು, ಗ್ರಾಮ ಜಲಾನಯನ ಸಮಿತಿ ಕಟ್ಟಬೇಕು, ಬ್ಯಾಂಕ್ ಖಾತೆ ಜಂಟಿಯಾಗಿರಬೇಕು. ಅದಾದ ಮೇಲೆ ಪೂರ್ತಿ ಅನುಷ್ಠಾನದ ಮಾತು. ಲ್ಯಾಪ್‌ಟಾಪ್ ಮುಂದೆ ಕೂತು ಬರೆಯುವುದು ಆಗದ ಮಾತು. ಸರ್ವೆ ನಂಬರ್ ಹಿಡಿದು ಒಂದೊಂದೇ ಹೊಲಕ್ಕೆ ಹೋಗಿ, ಗಂಡ ಹೆಂಡತಿ ಇಬ್ಬರನ್ನೂ ನಿಲ್ಲಿಸಿಕೊಂಡು, ಇಲ್ಲಿ ಏನು ಮಾಡೋಣ ಅಂತ ಕೇಳಿ ಬರೆದುಕೊಳ್ಳಬೇಕು. ಗುಡ್ಡದ ನೆತ್ತಿಯಿಂದ ಶುರು, ಹಳ್ಳದಲ್ಲಿ ಮುಕ್ತಾಯ.

ಒಂದು ಹೊಲದಲ್ಲಿ ಯಜಮಾನರು ಮೇಲಿನ ಮೂಲೆ ತೋರಿಸಿ, ಹೊಂಡ ಅಲ್ಲೇ ಆಗಲಿ ಅಂದರು. ದಾರಿಗೆ ಹತ್ತಿರ, ನಾಲ್ಕು ಜನಕ್ಕೆ ಕಾಣುತ್ತದೆ. ಹೆಂಡತಿ ಸೀರೆ ಸೆರಗು ಬಿಗಿದುಕೊಂಡು ಕೆಳಗಿನ ಬೇವಿನ ಮರದ ಹತ್ತಿರ ಹೋಗಿ ನಿಂತರು. ಅಲ್ಲಿ ಮಣ್ಣಿನ ಮೇಲೆ ಸಣ್ಣ ಹರಳು, ಒಣ ಕಸ, ಬಾಲದಂತೆ ಒಂದೇ ದಿಕ್ಕಿಗೆ ಮಲಗಿದ ಹುಲ್ಲು. ನೀರು ಹರಿದ ಗುರುತು. ‘ಹುಬ್ಬಿ ಮಳಿ ಬಂದಾಗ ಇಲ್ಲೇ ನನ್ನ ಕಾಲ್ ಹುಗೀತಾವ್ರಿ. ಮ್ಯಾಗ ತೋಡಿದ್ರ ಕಾಗಿ ಕುಡಿಯಾಕೂ ನೀರ್ ನಿಂದ್ರೂದಿಲ್ಲ’ ಅಂದರು. ನಕ್ಷೆಯಲ್ಲಿ ಹೊಂಡ ಅಲ್ಲೇ ಅಳಿಸಿ ಇಲ್ಲಿ ಹಾಕಿದೆ.

ಮಳೆಯ ಲೆಕ್ಕವನ್ನೂ ಅವರಿಂದಲೇ ಕಲಿತೆ. ನಮ್ಮ ರೈತರು ತಿಂಗಳಲ್ಲಿ ಮಾತಾಡುವುದಿಲ್ಲ, ನಕ್ಷತ್ರದಲ್ಲಿ ಮಾತಾಡುತ್ತಾರೆ. ‘ರೋಹಿಣಿ ಮಳೆ ಆದರೆ ಓಣಿಯೆಲ್ಲ ಜೋಳ’ ಅನ್ನುವ ಊರಿನಲ್ಲಿ ‘ಜೂನ್ ಎರಡನೇ ವಾರ’ ಅಂತ ಕೇಳಿದರೆ ಯಾರೂ ಮುಖ ಎತ್ತಲಿಲ್ಲ. ಒಂದೊಂದು ನಕ್ಷತ್ರಕ್ಕೆ 13-14 ದಿನ. ಮೃಗಶಿರ ಜೂನ್ 8ರ ಸುಮಾರಿಗೆ ಕೂಡುತ್ತದೆ, ಹುಬ್ಬೆ ಆಗಸ್ಟ್ ಕೊನೆಗೆ. ಒಂದು ಕಾಲಂನಲ್ಲಿ ಅವರ ನೆನಪು, ಪಕ್ಕದ ಕಾಲಂನಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕದ ಮಿಲಿಮೀಟರ್ ಹಾಕಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಾಪಕ ಇರುವುದು ನಮ್ಮ ರಾಜ್ಯದ ಭಾಗ್ಯ, ಬಳಸಿಕೊಳ್ಳುವವರು ಕಡಿಮೆ. ನನ್ನ ಮೂರೂ ಅರ್ಜಿಗಳಲ್ಲಿ ನನಗೆ ಇಷ್ಟವಾದ ಒಂದೇ ಪುಟ ಅಂದರೆ ಈ ಕೋಷ್ಟಕ.

ಇದರ ಕಷ್ಟ ಏನಂದರೆ ಸಮಯ. ಎರಡು ಕುಟುಂಬದ ಬದುವಿನ ಜಗಳ ಬಿಡಿಸಲಿಕ್ಕೇ ಎರಡು ತಿಂಗಳು ಹೋಯಿತು. ಒಬ್ಬರ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು. ಶ್ರಮದಾನದ ದಿನ ಬರುತ್ತೇವೆ ಅಂದವರಲ್ಲಿ ಅರ್ಧ ಜನ ಗಂಗಾವತಿ ಕಡೆ ಭತ್ತದ ನಾಟಿಗೆ ಹೋಗಿದ್ದರು. ತಪ್ಪು ಅನ್ನಲು ಆಗುತ್ತಾ? ಕೂಲಿ ಅಲ್ಲಿದೆ. ನರೇಗಾ ಜೊತೆ ಜೋಡಿಸೋಣ ಅಂದರೆ ಆಗ, 2024-25ರಲ್ಲಿ, ದಿನಕ್ಕೆ 349 ರೂಪಾಯಿ. ನಾಟಿ ತಂಡಗಳ ಗುತ್ತಿಗೆ ಅದಕ್ಕಿಂತ ಮೇಲಿತ್ತು.

ಮೂರನೆಯದು ಹವಾಮಾನ ನಿಧಿ. ಹಸಿರು ಹವಾಮಾನ ನಿಧಿ, ಅಡಾಪ್ಟೇಶನ್ ಫಂಡ್ (ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಲು ನೆರವಾಗುವ ನಿಧಿ) ಹೆಸರು ಕೇಳಿದಾಗ ಬಾಯಲ್ಲಿ ನೀರು ಬರುತ್ತದೆ. ಆದರೆ ನಮ್ಮಂಥವರು ಅಲ್ಲಿಗೆ ನೇರ ಅರ್ಜಿ ಹಾಕುವಂತಿಲ್ಲ. ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು. ನಮ್ಮ ದೇಶದಲ್ಲಿ ನಬಾರ್ಡ್‌ಗೆ ಎರಡೂ ನಿಧಿಗಳ ಮಾನ್ಯತೆ ಇದೆ. ಹಸಿರು ನಿಧಿಯಲ್ಲಿ 1 ಕೋಟಿ ಡಾಲರ್‌ವರೆಗಿನ ಯೋಜನೆಗೆ ‘ಮೈಕ್ರೋ’ ಅನ್ನುತ್ತಾರೆ. ಅವರ ಮೈಕ್ರೋದಲ್ಲಿ ನಮ್ಮ ತಾಲ್ಲೂಕಿನಂಥ ಎಷ್ಟೋ ತಾಲ್ಲೂಕು ಹಿಡಿಸುತ್ತವೆ. ಹಾಗಾಗಿ ಬೆಂಗಳೂರಿನ ಒಂದು ದೊಡ್ಡ ಸಂಸ್ಥೆ ಬರೆಯುತ್ತಿದ್ದ ಕಾನ್ಸೆಪ್ಟ್ ನೋಟಿಗೆ ನಮ್ಮ ನಾಲ್ಕು ಹಳ್ಳಿ ಒಂದು ಅಧ್ಯಾಯವಾದವು.

ಅವರು ನೇಮಿಸಿದ ಕನ್ಸಲ್ಟೆಂಟ್ ಕಳಿಸಿದ ಮೊದಲ ಕರಡಿನಲ್ಲಿ ‘ಕರಾವಳಿ ಸಮುದಾಯಗಳ ಜೀವನೋಪಾಯ’ ಅಂತ ಇತ್ತು. ಕುಷ್ಟಗಿಗೆ ಸಮುದ್ರ ತಂದಿದ್ದರು. ಹಳೆ ಅರ್ಜಿಯ ಕಾಪಿ-ಪೇಸ್ಟ್. ನಕ್ಕು ತಿದ್ದಿ ಕಳಿಸಿದೆ.

ಆದರೆ ನಗು ನಿಂತದ್ದು ಅವರ ಒಂದು ಪ್ರಶ್ನೆಗೆ. ‘ನಿಮ್ಮಲ್ಲಿ ಬರ ಮೊದಲಿನಿಂದಲೂ ಇದೆಯಲ್ಲ, ಇದರಲ್ಲಿ ಹವಾಮಾನ ಬದಲಾವಣೆ ಎಲ್ಲಿದೆ?’ ಸರಿಯಾದ ಪ್ರಶ್ನೆಯೇ. 1876-78ರ ಧಾತು-ಈಶ್ವರ ಬರವನ್ನು ಕಂಡ ಸೀಮೆ ನಮ್ಮ ಪಕ್ಕದ ಬಳ್ಳಾರಿ. ನಾನು ‘ಮಳೆ ಕಡಿಮೆಯಾಗಿದೆ’ ಅಂತ ಸುಮ್ನೆ ಬರೆದಿದ್ದೆ. ಒಂದು ತಾಲ್ಲೂಕಿನ ಬಗ್ಗೆ ಹಾಗೆ ಹೇಳಬೇಕಾದರೆ 30 ವರ್ಷದ ಅಂಕಿ ಬೇಕು. ಅದೂ ಒಟ್ಟು ಮಳೆ ಸಾಲದು. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವನ್ನಷ್ಟೇ ಮಳೆ ದಿನ ಅನ್ನುತ್ತಾರೆ. ಅಂಥ ದಿನಗಳು ಎಷ್ಟು, ಎರಡು ಮಳೆ ನಡುವೆ ಎಷ್ಟು ದಿನ ಒಣಗಿತು, ಬಿತ್ತುವ ಹದ ಯಾವಾಗ ಬಂತು, ಇವನ್ನು ಎಣಿಸಬೇಕು. ಆಮೇಲೆ ಹೇಳಬೇಕು: ಸಾಮಾನ್ಯ ಅಭಿವೃದ್ಧಿಗೆ ಹೊಂಡ ಇಷ್ಟು ಸಾಕು, ಮೂರು ವಾರದ ಒಣಗಾಲ ದಾಟಲು ಇಷ್ಟು ಹೆಚ್ಚು ಬೇಕು, ಈ ಹೆಚ್ಚಿನ ಭಾಗಕ್ಕೆ ದುಡ್ಡು ಕೊಡಿ. ನವಣೆಯ ವಾದವೂ ಆಗಲೇ ಗಟ್ಟಿಯಾಯಿತು. 80-90 ದಿನದ ಬೆಳೆ, ಮುಂಗಾರು ಕೈಕೊಟ್ಟರೆ ತಡವಾಗಿಯೂ ಬಿತ್ತಬಹುದು. ಸಿರಿಧಾನ್ಯ ಒಳ್ಳೆಯದು ಅನ್ನುವುದಕ್ಕಿಂತ ಇದು ಹತ್ತು ಪಟ್ಟು ಬಲವಾದ ಮಾತು.

ಆಹಾರ ಭದ್ರತೆಗೂ ಅವರದ್ದೊಂದು ಅಳತೆ. ನಿನ್ನೆ ಒಂದು ದಿನದಲ್ಲಿ ಹೆಂಗಸು ಏನೇನು ತಿಂದಳು ಎಂದು ಕೇಳಿ 10 ಆಹಾರ ಗುಂಪಿನಲ್ಲಿ ಗುರುತು ಹಾಕಬೇಕು. ಐದು ಬಂದರೆ ಪರವಾಗಿಲ್ಲ. ಬೇಸಿಗೆಯಲ್ಲಿ ಒಬ್ಬರನ್ನು ಕೇಳಿದೆ. ರೊಟ್ಟಿ, ಕೆಂಪು ಖಾರ, ಮೂರು ಸಲ ಚಹಾ. ಖಾರ ಮಸಾಲೆ ಲೆಕ್ಕ, ಚಹಾದ ಹನಿ ಹಾಲು ಲೆಕ್ಕಕ್ಕೇ ಇಲ್ಲ. ಬಂದ ಅಂಕ ಒಂದು. ಅದೇ ಮನೆಯಲ್ಲಿ ಮಳೆಗಾಲದಲ್ಲಿ ಪುಂಡಿ ಪಲ್ಯ, ತೊಗರಿ ಬೇಳೆ, ಮಜ್ಜಿಗೆ ಸೇರಿ ನಾಲ್ಕಾಯಿತು. ಕೈತೋಟಕ್ಕೆ ಯಾಕೆ ದುಡ್ಡು ಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪ್ಯಾರಾ ನಾನು ಬರೆಯಬೇಕಾಗಲಿಲ್ಲ. ಸಿಎಸ್‌ಆರ್ ಸಭೆಗೆ ಹೋಗುವಾಗ ಈ ಎರಡು ಅಂಕಿ ಕೈಯಲ್ಲಿದ್ದಿದ್ದರೆ ಕೈತೋಟ ಉಳಿಯುತ್ತಿತ್ತೇನೋ.

ಆ ನೋಟಿಗೆ ಇಂದಿಗೂ ಉತ್ತರ ಬಂದಿಲ್ಲ. ಐದು ತಿಂಗಳ ದುಡಿಮೆ, ಒಂದು ರೂಪಾಯಿ ಇಲ್ಲ. ಇದರ ನಡುವೆ ಇನ್ನೊಂದು ವಿದೇಶಿ ಫೌಂಡೇಶನ್ ದುಡ್ಡನ್ನು ದೊಡ್ಡ ಸಂಸ್ಥೆಯೇ ತೆಗೆದುಕೊಂಡು ನಮಗೆ ಹಂಚಲಿ ಎಂದೂ ಯೋಚಿಸಿದ್ದೆವು. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ಹಾಗೆ ದಾಟಿಸುವಂತಿಲ್ಲ. ಎರಡು ವಾರ ಬಜೆಟ್ ಬರೆದ ಮೇಲೆ ಗೊತ್ತಾಯಿತು.

ಹಾಗಾದರೆ ಯಾವುದು ಮೇಲು? ಕೈಯಲ್ಲಿ ಒಂದೇ ವರ್ಷ, ತೋಡುವ ಕಟ್ಟುವ ಕೆಲಸ ಇದ್ದರೆ ಸಿಎಸ್‌ಆರ್. ಹತ್ತು ವರ್ಷ ಅದೇ ಊರಲ್ಲಿ ಇರುವ ಮನಸ್ಸಿದ್ದರೆ ಜಲಾನಯನ, ನನ್ನ ವೋಟು ಅದಕ್ಕೇ. ಜನರ ಜೊತೆ ಅಲೆಯುವ ಕೆಲಸವನ್ನು ಯೋಜನೆಯ ಭಾಗ ಅಂತ ಒಪ್ಪುವುದು ಮೂರರಲ್ಲಿ ಅದೊಂದೇ. ಹವಾಮಾನ ನಿಧಿಗೆ ಒಬ್ಬರೇ ಹೋಗಬೇಡಿ, ಆದರೆ ಅವರ ಪ್ರಶ್ನೆಗಳನ್ನು ಕದ್ದು ತನ್ನಿ. ನಾನು ಮಾಡಿದ್ದು ಅದೇ. ಜಲಾನಯನದ ಅರ್ಜಿಯ ಎರಡನೇ ಹಂತವನ್ನು ಒಣಗಾಲದ ಲೆಕ್ಕ ಮತ್ತು ತಟ್ಟೆಯ ಲೆಕ್ಕ ಸೇರಿಸಿ ಮತ್ತೆ ಬರೆಯುತ್ತಿದ್ದೇನೆ. ಅನುಕ್ರಮ ತಲೆಕೆಳಗಾಗಿದ್ದರೆ, ಅಂದರೆ ಹೊಲ ಮೊದಲು, ಅಂಕಿ ಆಮೇಲೆ, ಸ್ಲೈಡು ಕೊನೆಗೆ ಆಗಿದ್ದರೆ, ಒಂದು ವರ್ಷ ಉಳಿಯುತ್ತಿತ್ತು.

ಈ ಸಲ ಹುಬ್ಬೆ ಕೂಡುವ ಮೊದಲು ಆ 20 ಹೊಂಡಗಳಲ್ಲಿ ಒಂದೊಂದು ಜಾಲಿ ಗೂಟ ನೆಡುತ್ತಿದ್ದೇವೆ. ಅರ್ಧ ಅಡಿಗೊಂದು ಕೆಂಪು ಗೆರೆ. ಬೇವಿನ ಮರದ ಹತ್ತಿರ ಇನ್ನೂ ಹೊಂಡ ಆಗಿಲ್ಲ, ಆದರೂ ಆ ಅಮ್ಮ ಗೂಟ ಈಗಲೇ ಇಸಿದುಕೊಂಡು ಹೋಗಿ ಹಿತ್ತಲ ಗೋಡೆಗೆ ಆನಿಸಿ ಇಟ್ಟಿದ್ದಾರೆ.