ಗುರುತು ಮಾಸಿದ ವಾಲ್ವ್‌ಗೆ 6.3 ವೋಲ್ಟ್ ಕೊಡುವ ಮುನ್ನ

ಹಳೆಯ ಎ.ಎಂ. ಟ್ರಾನ್ಸ್‌ಮಿಟರ್‌ಗಳಿಗೆ ಮತ್ತೆ ಜೀವ ಕೊಡಲು ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಹುಡುಕುತ್ತಿರುವ ಹ್ಯಾಮ್ (ಹವ್ಯಾಸಿ ರೇಡಿಯೋ) ಮಿತ್ರರು ದಯವಿಟ್ಟು ಇದನ್ನು ಓದಬೇಕು. ಕಳೆದ ತಿಂಗಳು ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಟ್ರಾನ್ಸ್‌ಮಿಟರ್‌ಗೆ ಬಳಸುವ 807 ಎಂಬ ಮಾದರಿ ಎಂದು ಹೇಳಿ ಕೊಟ್ಟ ಎರಡು ವಾಲ್ವ್‌ಗಳನ್ನು ಕೊಂಡೆ. ನೆತ್ತಿಯಲ್ಲಿ ಪ್ಲೇಟಿನ ಕ್ಯಾಪ್, ಬುಡದಲ್ಲಿ ಐದು ಪಿನ್, ನೋಡಲು ಅದೇ ಗಾತ್ರ, ಅದೇ ಗಾಜು; ನನಗೆ ಸಂಶಯವೇ ಬರಲಿಲ್ಲ. ಮನೆಗೆ ಬಂದವನೇ ಒಂದರ ಜಿಡ್ಡನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದೆ. ಜಿಡ್ಡಿನೊಂದಿಗೆ ಗಾಜಿನ ಮೇಲೆ ಉಳಿದಿದ್ದ ಮಾಸಲು ಅಕ್ಷರಗಳೂ ಹೋದವು. ಹಳೆಯ ವಾಲ್ವ್ ಕೈಗೆ ಬಂದಾಗ ಎಂದೂ ಮಾಡಬಾರದ ಕೆಲಸ ಅದು.

807ರ ಹೀಟರ್, ಅಂದರೆ ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ, 6.3 ವೋಲ್ಟಿನಲ್ಲಿ ನಿಧಾನವಾಗಿ, ಅರ್ಧ ನಿಮಿಷದಷ್ಟು ಹೊತ್ತು ತೆಗೆದುಕೊಂಡು ಕೆಂಪೇರಬೇಕು. ನಾನು ಒರೆಸಿದ ವಾಲ್ವ್ 6.3 ವೋಲ್ಟ್ ಸಿಕ್ಕ ಕ್ಷಣವೇ ಬೆಳ್ಳಗೆ ಮಿಂಚಿ ಆರಿಹೋಯಿತು.

ಒರೆಸದೆ ಉಳಿದಿದ್ದ ಇನ್ನೊಂದರ ಮೇಲೆ ಬಾಯಿಂದ ಹಬೆ ಊದಿ, ಓರೆಯಾಗಿ ಬೆಳಕಿಗೆ ಹಿಡಿದಾಗ ‘ವಿಟಿ-165’ ಎಂಬ ಬರಹ ಮೂಡಿತು. ಅದು ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಸೇನೆಯ ಸಂಖ್ಯೆ. ನಾಗರಿಕ ಹೆಸರು 1624. ಟ್ಯಾಂಕುಗಳಲ್ಲಿ ಅಳವಡಿಸುತ್ತಿದ್ದ ಬಿ.ಸಿ.-604 ಎಂಬ ಎಫ್.ಎಂ. ಟ್ರಾನ್ಸ್‌ಮಿಟರ್‌ನ ಕೊನೆಯ ಹಂತದಲ್ಲಿ ಇದ್ದದ್ದು ಇದೇ. ಗುಂಡಿ ಒತ್ತಿದ ಕೂಡಲೇ ಮಾತನಾಡಲು ಸಾಧ್ಯವಾಗಬೇಕೆಂದು ಇದರಲ್ಲಿ ಹೀಟರಿನ ಬದಲು ನೇರವಾಗಿ ಕಾಯುವ ಫಿಲಮೆಂಟ್ (ತಾನೇ ಕಾದು ಎಲೆಕ್ಟ್ರಾನ್ ಸೂಸುವ ತಂತಿ) ಇದೆ. ಅದಕ್ಕೆ ಬೇಕಾದದ್ದು 2.5 ವೋಲ್ಟ್, 2 ಆಂಪಿಯರ್ ಮಾತ್ರ. 807ರ ಮತ್ತೊಂದು ಸೋದರ 1625ಕ್ಕೆ 12.6 ವೋಲ್ಟಿನ ಹೀಟರ್ ಇದ್ದರೂ ಏಳು ಪಿನ್‌ಗಳಿರುವುದರಿಂದ ಅದು ತಪ್ಪು ಸಾಕೆಟ್‌ಗೆ ಕೂರುವುದಿಲ್ಲ. 1624 ಕೂರುತ್ತದೆ, ಅಪಾಯವಿರುವುದು ಅಲ್ಲೇ.

ವಿಟಿ ಸಂಖ್ಯೆ ಕಂಡ ಮಾತ್ರಕ್ಕೂ ನೆಮ್ಮದಿಯಿಂದ ಕೂರಬೇಡಿ. ಬ್ರಿಟಿಷ್ ವಾಯುಪಡೆಗೂ ತನ್ನದೇ ವಿಟಿ ಸಾಲು ಇತ್ತು: ಅವರ ವಿಟಿ104 ಎಂದರೆ ಪಿಟಿ15 ಎಂಬ ಟ್ರಾನ್ಸ್‌ಮಿಟರ್ ಪೆಂಟೋಡ್ (ಐದು ವಿದ್ಯುದ್ವಾರಗಳ ವಾಲ್ವ್), ಅಮೆರಿಕದ ವಿಟಿ-104 ಎಂದರೆ ರಿಸೀವರಿನ ಪುಟ್ಟ 12ಎಸ್‌ಕ್ಯೂ7.

ಅಕ್ಷರ ಪೂರ್ತಿ ಅಳಿಸಿಹೋಗಿದ್ದರೆ, ಬೇರಾವ ಪಿನ್‌ಗೂ ಏನನ್ನೂ ಜೋಡಿಸದೆ, ಹೊಂದಿಸಬಲ್ಲ ಪವರ್ ಸಪ್ಲೈಯನ್ನು ಆಂಪಿಯರ್ ಮೀಟರ್ ಮೂಲಕ ಫಿಲಮೆಂಟಿನ (ಅಥವಾ ಹೀಟರಿನ) ಪಿನ್‌ಗಳಿಗೆ ಕೊಟ್ಟು, ಒಂದು ವೋಲ್ಟಿನಿಂದ ಆರಂಭಿಸಿ ಮೆಲ್ಲಗೆ ಏರಿಸಿ. 807 ಪೂರ್ಣ 6.3 ವೋಲ್ಟಿನಲ್ಲಿಯೂ ಬಿಸಿಯಾದ ಮೇಲೆ ಸುಮಾರು 0.9 ಆಂಪಿಯರ್ ಮಾತ್ರ ಎಳೆಯುತ್ತದೆ, ಆದ್ದರಿಂದ 2.5 ವೋಲ್ಟಿನಲ್ಲೇ ಮೀಟರ್ 2 ಆಂಪಿಯರ್ ತೋರಿಸಿ ಅಲ್ಲೇ ನಿಂತರೆ ನಿಮ್ಮ ಕೈಯಲ್ಲಿರುವುದು 807 ಅಲ್ಲ. ತಣ್ಣಗಿರುವ ಫಿಲಮೆಂಟಿನ ಓಮ್ ಅಳೆದು ತೀರ್ಮಾನಕ್ಕೆ ಬರಬೇಡಿ. ಆ ಅಂಕಿ ಅಷ್ಟು ಚಿಕ್ಕದಾಗಿರುವುದರಿಂದ ಮೀಟರಿನ ತಂತಿಯ ರೋಧವೇ ದಾರಿ ತಪ್ಪಿಸುತ್ತದೆ.

ಉಳಿದ ವಾಲ್ವ್ ಈ ಪರೀಕ್ಷೆಯಲ್ಲಿ ಒಂದೆರಡು ಸೆಕೆಂಡಿನಲ್ಲೇ ಹದವಾಗಿ ಬೆಳಗಿತು. ಬಿ.ಸಿ.-604 ಒಂದನ್ನು ದುರಸ್ತಿ ಮಾಡುತ್ತಿರುವ ಹಿರಿಯರೊಬ್ಬರಿಗೆ ಅದನ್ನು ಕೊಟ್ಟೆ. ಅವರಿಗೆ ಒಂದು ಬಿಡಿ ವಾಲ್ವೂ ಬೇಕಾಗಿತ್ತು.