ಆಡಾಸಿಟಿ: ಎಲ್ಲಾ ಚೆನ್ನಾಗಿದೆ, ಮೈಕ್ ಯಾವುದೆಂದು ಮಾತ್ರ ನೀವೇ ನೋಡಿಕೊಳ್ಳಿ

ನಮ್ಮ ಬೀದಿಯ ಹುಡುಗನೊಬ್ಬ ಬಿ.ಎ. ಓದುತ್ತಿದ್ದಾನೆ, ಕಣ್ಣು ಕಾಣುವುದಿಲ್ಲ. ಅವನ ಇತಿಹಾಸದ ನೋಟ್ಸ್ ಓದಿ ರೆಕಾರ್ಡ್ ಮಾಡಿಕೊಡುವುದು ಎರಡು ವರ್ಷದಿಂದ ನನ್ನ ಸಂಜೆಯ ಕೆಲಸ. ಅದಕ್ಕೆ ಬಳಸುವುದು ಆಡಾಸಿಟಿ, 2000ದಿಂದ ಪುಕ್ಕಟೆ ಸಿಗುತ್ತಿರುವ ತಂತ್ರಾಂಶ. ತಪ್ಪು ಓದಿದ ಸಾಲು ಕತ್ತರಿಸಲು, ಫ್ಯಾನಿನ ಗುಂಯ್ ಸದ್ದು ತೆಗೆಯಲು, ಎಂಪಿ3 ಮಾಡಲು ಇದರಷ್ಟು ಸಲೀಸಾದದ್ದು ನನಗಂತೂ ಸಿಕ್ಕಿಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕಣ್ಮುಚ್ಚಿ ಕೊಡುತ್ತೇನೆ. ಉಳಿದ ಒಂದರ ಕಥೆ ಹೇಳುತ್ತೇನೆ.

ಕಳೆದ ತಿಂಗಳು ಒಂದು ಸಂಜೆ ನಲವತ್ತು ನಿಮಿಷ ಓದಿ ಕಳಿಸಿದೆ. ರಾತ್ರಿ ಫೋನ್ ಬಂತು. "ಅಕ್ಕಾ, ಕುಕ್ಕರ್ ಐದು ಸೀಟಿ ಹಾಕ್ತಲ್ಲ, ಇವತ್ತು ಕಾಳು ಬೇಯಿಸಿದ್ರಾ?"

ಬಾಯಿ ಮುಂದೆ ಯುಎಸ್‌ಬಿ ಮೈಕ್ ಇಟ್ಟುಕೊಂಡು ಕೂತಿದ್ದೆ. ದನಿ ಹಿಡಿದದ್ದು ಲ್ಯಾಪ್‌ಟಾಪಿನ ಒಳಗಿನ ಮೈಕು. ತಪ್ಪು ನನ್ನದೇ: ತಂತ್ರಾಂಶ ತೆರೆದ ಮೇಲೆ ಮೈಕ್ ಚುಚ್ಚಿದ್ದೆ. ಆಡಾಸಿಟಿ ಶುರುವಾಗುವಾಗ ಒಮ್ಮೆ ಹಾಜರಿ ಕೂಗುತ್ತದೆ. ತಡವಾಗಿ ಬಂದವರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. 'ಆಡಿಯೊ ಸೆಟಪ್' ಒತ್ತಿ 'ರೀಸ್ಕ್ಯಾನ್ ಆಡಿಯೊ ಡಿವೈಸಸ್' ಕೊಟ್ಟರೆ ಮತ್ತೆ ಹಾಜರಿ. ಅದೇ ಮೈಕಿನಲ್ಲಿ ಮಧ್ಯಾಹ್ನ ತಂಗಿಯ ಜೊತೆ ವಿಡಿಯೊ ಕಾಲ್ ಚೆನ್ನಾಗಿಯೇ ಆಗಿತ್ತು, ಹಾಗಾಗಿ ನನಗೆ ಅನುಮಾನ ಬರಲಿಲ್ಲ. ವಿಂಡೋಸ್‌ನಲ್ಲಿ ಎರಡು ಡಿಫಾಲ್ಟ್‌ಗಳಿವೆ (ನಾವು ಬೇರೆ ಆರಿಸದಿದ್ದರೆ ತಾನಾಗಿ ಹಿಡಿಯುವ ಮೈಕ್), ಒಂದು ಎಲ್ಲದಕ್ಕೂ, ಇನ್ನೊಂದು ಮಾತುಕತೆಗೆ ಮಾತ್ರ. ಒಂದೇ ಕಂಪ್ಯೂಟರಿನಲ್ಲಿ ಎರಡು ಆ್ಯಪ್‌ಗಳು ಎರಡು ಮೈಕ್ ಹಿಡಿದು ಕೂರಬಹುದು.

ಇನ್ನು ಹೆಸರಿನ ರಗಳೆ. ನನ್ನದು ಹೆಸರಿಲ್ಲದ ಅಗ್ಗದ ಮೈಕ್. ಅದಕ್ಕೆ ಸೀರಿಯಲ್ ನಂಬರ್ ಇಲ್ಲ, ಆದ್ದರಿಂದ ವಿಂಡೋಸ್ ಅದನ್ನು ಚುಚ್ಚಿದ ತೂತಿನ ಮೇಲೆ ಗುರುತಿಸುತ್ತದೆ. ಎಡಗಡೆ ಇದ್ದದ್ದನ್ನು ಬಲಗಡೆ ಚುಚ್ಚಿದರೆ ಅದು ಹೊಸ ಮೈಕ್, ಹೆಸರಿನ ನಡುವೆ '2-' ಎಂಬ ಬಾಲಂಗೋಚಿ. ಆಡಾಸಿಟಿ ನಮ್ಮ ಆಯ್ಕೆಯನ್ನು ಹೆಸರಿನಿಂದಲೇ ನೆನಪಿಟ್ಟುಕೊಳ್ಳುವುದರಿಂದ ಹಳೆಯ ಹೆಸರು ಕಾಣದಿದ್ದರೆ ಡಿಫಾಲ್ಟಿಗೆ ಜಾರುತ್ತದೆ. ಜೊತೆಗೆ ಹೋಸ್ಟ್, ಅಂದರೆ ಆಡಾಸಿಟಿ ವಿಂಡೋಸ್‌ನಿಂದ ದನಿ ಪಡೆಯುವ ದಾರಿ, 'ಎಂಎಂಇ' ಆಗಿದ್ದರೆ ಹೆಸರು 31 ಅಕ್ಷರಕ್ಕೆ ಕತ್ತರಿ. ನನ್ನ ಪಟ್ಟಿಯಲ್ಲಿ 'ಮೈಕ್ರೊಫೋನ್, 2- ಯುಎಸ್‌ಬಿ ಪಿಎನ್‌ಪಿ ಸೌಂಡ್ ಡಿ' ಅಂತ ಅರ್ಧಕ್ಕೇ ನಿಂತಿತ್ತು. ಎಂಎಂಇ 1991ರ ಕಾಲದ ವ್ಯವಸ್ಥೆ. ವಿಂಡೋಸ್ ವಿಸ್ಟಾದ ಜೊತೆ ಬಂದ ಹೊಸ ದಾರಿ 'ವಾಸಪಿ'ಗೆ ಬದಲಿಸಿದರೆ ಹೆಸರು ಪೂರ್ತಿ ಕಾಣುತ್ತದೆ. ಆದರೆ ಅಲ್ಲಿ 'ಲೂಪ್‌ಬ್ಯಾಕ್' ಅಂತಿರುವುದನ್ನು ಆರಿಸಬೇಡಿ. ಅದು ಕಂಪ್ಯೂಟರ್ ನುಡಿಸುವುದನ್ನು ಹಿಡಿಯುತ್ತದೆ, ನಿಮ್ಮ ದನಿಯನ್ನಲ್ಲ.

ಈಗ ನಾನು ಮಾಡುವುದು ಇಷ್ಟು. ಯುಎಸ್‌ಬಿ ತೂತಿನ ಪಕ್ಕ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದೇನೆ, ಮೈಕ್ ಯಾವಾಗಲೂ ಅಲ್ಲಿಗೇ. ಆಮೇಲೆ ಆಡಾಸಿಟಿ ತೆರೆದು, ರೆಕಾರ್ಡ್ ಒತ್ತಿ, ಮೈಕಿನ ಜಾಲರಿಯನ್ನು ಉಗುರಿನಿಂದ ಕೆರೆಯುತ್ತೇನೆ. ಮೀಟರ್ ಎಗರಿ ಬಿದ್ದರೆ ಸರಿ, ಸುಮ್ಮನೆ ನಡುಗಿದರೆ ಬೇರೆ ಮೈಕ್ ಕೇಳಿಸಿಕೊಳ್ಳುತ್ತಿದೆ ಅಂತ ಅರ್ಥ.

ಹುಡುಗನೂ ಈಗ ನಮ್ಮ ಮನೆಗೆ ಬಂದು ರೆಕಾರ್ಡ್ ಮಾಡುತ್ತಾನೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಪಟ್ಟಿ ಓದುವಾಗ ಎಲ್ಲವೂ 'ಮೈಕ್ರೊಫೋನ್, ಮೈಕ್ರೊಫೋನ್' ಅಂತಲೇ ಶುರುವಾಗುತ್ತಿತ್ತು, ಪ್ರತಿಯೊಂದನ್ನೂ ಕೊನೆಯವರೆಗೆ ಕೇಳಬೇಕು. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಆ ಮೊದಲ ಪದ ಬದಲಿಸಬಹುದು. ಯುಎಸ್‌ಬಿ ಮೈಕಿಗೆ 'ಓದು' ಅಂತ ಇಟ್ಟೆವು. ಲ್ಯಾಪ್‌ಟಾಪಿನದಕ್ಕೆ ಏನಿಡೋಣ ಅಂದಾಗ ಅವನು ಯೋಚಿಸಲೇ ಇಲ್ಲ: "ಕುಕ್ಕರ್ ಅಂತ ಹಾಕಿ ಅಕ್ಕಾ."